ಒಂದು ಮನೆ, ಎರಡು ಒಡೆತನ: ನಗರದಂಚಿನ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆ ವಾಸ

ಬೆಂಗಳೂರಿನಲ್ಲಿ ಬಾಡಿಗೆ ವಾಸ ಹೊಸತಲ್ಲ. ಆದರೆ ಬಾಡಿಗೆದಾರರು ವಾಸಿಸುವ ಕಟ್ಟಡ, ಆ ಕಟ್ಟಡದ ಆಡಳಿತ ಮತ್ತು ತಿಂಗಳಿಗೊಮ್ಮೆ ಅವರ ಕೈಯಿಂದ ಹೋಗುವ ಹಣದ ಲೆಕ್ಕ, ಈ ಮೂರೂ ಕಳೆದ ಮೂರು ದಶಕಗಳಲ್ಲಿ ಗುರುತು ಸಿಗದಷ್ಟು ಬದಲಾಗಿವೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಒಂದು ಕಾಲಕ್ಕೆ ಬಾಡಿಗೆದಾರರ ನೆಲೆಯಾಗಿದ್ದುದು ವಠಾರ. ಒಂದೇ ಆವರಣದೊಳಗೆ ಸಾಲಾಗಿ ಕಟ್ಟಿದ ಪುಟ್ಟ ಮನೆಗಳು, ನಡುವೆ ಅಂಗಳ, ಎಲ್ಲರಿಗೂ ಸೇರಿದ ಒಂದು ನಲ್ಲಿಯೋ ಬಾವಿಯೋ, ಅನೇಕ ಕಡೆ ಅದೇ ಆವರಣದಲ್ಲಿ ಅಥವಾ ಎದುರು ಮನೆಯಲ್ಲಿ ವಾಸಿಸುವ ಮಾಲೀಕರು, ಇದು ವಠಾರದ ರಚನೆ. ಅಲ್ಲಿ ಒಡೆತನ ಒಂದೇ ಕೈಯಲ್ಲಿತ್ತು. ನೀರಿನ ಸರದಿಯಿಂದ ಹಿಡಿದು ರಾತ್ರಿ ಗೇಟು ಹಾಕುವ ಹೊತ್ತಿನವರೆಗೆ ಎಲ್ಲವೂ ಮಾಲೀಕರ ಮಾತಿನಂತೆ ನಡೆಯುತ್ತಿತ್ತು, ದೂರು ಇದ್ದವರು ಅವರ ಜಗುಲಿಯವರೆಗೆ ಹೋದರೆ ಸಾಕಾಗಿತ್ತು. ಇಂದು ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಎಲೆಕ್ಟ್ರಾನಿಕ್ ಸಿಟಿ, ಥಣಿಸಂದ್ರ, ಯಲಹಂಕ, ಕೆಂಗೇರಿ, ಕನಕಪುರ ರಸ್ತೆಗಳಲ್ಲಿ ಎದ್ದಿರುವ ಅಪಾರ್ಟ್‌ಮೆಂಟ್ ಸಂಕೀರ್ಣಗಳಲ್ಲಿ ಬಾಡಿಗೆಗೆ ಇರುವವರ ಮೇಲೆ ಎರಡು ಒಡೆತನಗಳಿವೆ: ಬಾಗಿಲಿನ ಒಳಗೆ ಮನೆಯ ಮಾಲೀಕರದು, ಬಾಗಿಲಿನ ಹೊರಗೆ ಮಾಲೀಕರ ಸಂಘದ್ದು. ಈ ವಾಸದ ಅನುಕೂಲಗಳೂ ತೊಡಕುಗಳೂ ಬಹುಮಟ್ಟಿಗೆ ಈ ಎರಡರ ನಡುವಿನ ಜಾಗದಲ್ಲಿ ಹುಟ್ಟುತ್ತವೆ ಎಂಬುದೇ ಇಲ್ಲಿ ಪ್ರತಿಪಾದಿಸಬೇಕಾದ ಮುಖ್ಯ ವಿಚಾರ.

ನಗರದಂಚು ಎಂಬ ಮಾತಿಗೂ ಬೆಂಗಳೂರಿನಲ್ಲಿ ಒಂದು ಚರಿತ್ರೆಯಿದೆ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ರೂಪಿಸಿದ ಬಸವನಗುಡಿ, ಮಲ್ಲೇಶ್ವರಗಳು ಅಂದಿನ ನಗರದಂಚು. ಇಂದು ಅವು ನಗರದ ಹೃದಯಭಾಗದಲ್ಲಿವೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಮೊದಲಾದ ಸಾರ್ವಜನಿಕ ಉದ್ಯಮಗಳು ತಮ್ಮ ಕಾರ್ಖಾನೆಗಳ ಬಳಿಯೇ ನೌಕರರಿಗೆ ವಸತಿ ಬಡಾವಣೆಗಳನ್ನು ಕಟ್ಟಿಸಿದುದರಿಂದ ದುಡಿಮೆ ಮತ್ತು ಮನೆ ಒಂದೇ ದಿಕ್ಕಿನಲ್ಲಿದ್ದವು. ಎಲೆಕ್ಟ್ರಾನಿಕ್ ಸಿಟಿಯನ್ನು ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ರೂಪಿಸಿತು; ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ನೆಲೆಯಾಗಿ ಆರಂಭವಾಗಿದ್ದ ವೈಟ್‌ಫೀಲ್ಡ್ 1990ರ ದಶಕದಲ್ಲಿ ತಂತ್ರಾಂಶ ಉದ್ಯಮದ ತಾಣವಾಯಿತು. ಈ ಹೊಸ ಉದ್ಯಮಗಳು ಕಚೇರಿಗಳನ್ನು ಕಟ್ಟಿದವೇ ಹೊರತು ನೌಕರರಿಗೆ ಮನೆಗಳನ್ನು ಕಟ್ಟಲಿಲ್ಲ. ಆ ಕೆಲಸವನ್ನು ಖಾಸಗಿ ಬಿಲ್ಡರುಗಳು ವಹಿಸಿಕೊಂಡರು, ರಾಗಿ ಹೊಲ, ತೋಟ, ನೀಲಗಿರಿ ತೋಪುಗಳಿದ್ದ ಹಳ್ಳಿಗಳ ನೆಲದಲ್ಲಿ ಬಹುಮಹಡಿ ಕಟ್ಟಡಗಳೆದ್ದವು, ರಸ್ತೆ, ನೀರು, ಒಳಚರಂಡಿಗಳು ಬರುವ ಮೊದಲೇ ಜನ ಬಂದು ನೆಲೆಸಿದರು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸೇರ್ಪಡೆಯಾದ 110 ಹಳ್ಳಿಗಳ ಕಥೆ ಬಹುಪಾಲು ಇದೇ.

ಈ ಸಂಕೀರ್ಣಗಳಲ್ಲಿ ಬಾಡಿಗೆ ಮನೆಗಳು ಇಷ್ಟೊಂದು ಸಿಗುವುದಕ್ಕೆ ಕಾರಣ ಅವುಗಳ ಕೊಳ್ಳುವಿಕೆಯ ರೀತಿಯಲ್ಲಿದೆ. ಇಲ್ಲಿ ಮನೆ ಕೊಂಡವರಲ್ಲಿ ಅನೇಕರು ಸ್ವಂತ ವಾಸಕ್ಕಾಗಿ ಕೊಂಡವರಲ್ಲ. ಉಳಿತಾಯದ ಹೂಡಿಕೆಯೆಂದು ಕೊಂಡವರು, ಬೇರೆ ರಾಜ್ಯದಲ್ಲೋ ಹೊರದೇಶದಲ್ಲೋ ಉದ್ಯೋಗದಲ್ಲಿರುವವರು, ನಿವೃತ್ತಿಯ ಕಾಲಕ್ಕಿರಲೆಂದು ತೆಗೆದಿಟ್ಟವರು. ಹಾಗೆ ಕೊಂಡ ಮನೆಯಿಂದ ಬರುವ ವಾರ್ಷಿಕ ಬಾಡಿಗೆ ಅದರ ಬೆಲೆಯ ಶೇಕಡಾ 3ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಬಾಡಿಗೆದಾರರ ದೃಷ್ಟಿಯಿಂದ ಇದರ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ₹80 ಲಕ್ಷ ಬೆಲೆಯ, ಎರಡು ಮಲಗುವ ಕೋಣೆಗಳ ಮನೆಯನ್ನು ಕೊಳ್ಳಬಯಸುವ ಕುಟುಂಬ ₹16 ಲಕ್ಷವನ್ನು ಕೈಯಿಂದ ಹಾಕಿ ಉಳಿದ ₹64 ಲಕ್ಷವನ್ನು ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಗಳ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು ₹55,500 ಆಗುತ್ತದೆ. ಅದೇ ಮನೆ ₹20,000ದಿಂದ ₹24,000 ಬಾಡಿಗೆಗೆ ದೊರೆಯುತ್ತದೆ. ಕಂತು ಕಟ್ಟಿದವರಿಗೆ ಕೊನೆಗೆ ಮನೆ ಉಳಿಯುತ್ತದೆ ಎಂಬುದು ನಿಜವೇ. ಆದರೆ ಮೊದಲ ವರ್ಷಗಳ ಕಂತಿನಲ್ಲಿ ಬಹುಪಾಲು ಬಡ್ಡಿಗೇ ಹೋಗುವುದರಿಂದ, ಐದಾರು ವರ್ಷಗಳಲ್ಲಿ ಊರನ್ನೋ ಉದ್ಯೋಗವನ್ನೋ ಬದಲಿಸಬೇಕಾದೀತು ಎಂಬ ಸಂಭವವಿರುವ ಕುಟುಂಬಕ್ಕೆ ಬಾಡಿಗೆಯೇ ಹಗುರವಾದ ದಾರಿ. ಬಾಡಿಗೆ ಹಣ ನೀರಿನಲ್ಲಿ ಹೋಮ ಮಾಡಿದಂತೆ ಎಂದು ಹಿರಿಯರು ಹೇಳುವ ಮಾತು ಕಂತಿಗೂ ಬಾಡಿಗೆಗೂ ಹೆಚ್ಚು ಅಂತರವಿಲ್ಲದಿದ್ದ ಕಾಲಕ್ಕೆ ಸರಿಯಾಗಿದ್ದಿರಬಹುದು, ಇಂದಿನ ಬೆಲೆಗಳಿಗೆ ಅದು ಒಪ್ಪುವುದಿಲ್ಲ.

ಹಣದ ಲೆಕ್ಕವನ್ನು ಬದಿಗಿಟ್ಟು ನೋಡಿದರೂ ಸಂಕೀರ್ಣದ ವಾಸಕ್ಕೆ ಗಟ್ಟಿಯಾದ ಅನುಕೂಲಗಳಿವೆ. ಒಂದು ಆವರಣ, ಒಂದು ಹೆಬ್ಬಾಗಿಲು, ಹಗಲಿರುಳು ಕಾವಲು ಇರುವುದರಿಂದ ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು, ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯ ಮಕ್ಕಳು, ಒಂಟಿಯಾಗಿರುವ ವಯಸ್ಸಾದ ತಂದೆತಾಯಿಗಳು ನೆಮ್ಮದಿಯಿಂದಿರುತ್ತಾರೆ. ನಗರದ ಬೀದಿಗಳು ವಾಹನಗಳ ಪಾಲಾದ ಮೇಲೆ ಮಕ್ಕಳು ಕುಂಟೆಬಿಲ್ಲೆ, ಕ್ರಿಕೆಟ್, ಸೈಕಲ್ಲುಗಳ ಆಟವನ್ನು ಆಡಲು ಉಳಿದಿರುವ ಕೆಲವೇ ಜಾಗಗಳಲ್ಲಿ ಈ ಆವರಣಗಳೂ ಸೇರಿವೆ. ವಿದ್ಯುತ್ ಹೋದಾಗ ಜನರೇಟರು, ನಲ್ಲಿ ಸೋರಿದಾಗ ಕರೆದ ಕೂಡಲೇ ಬರುವ ಕೊಳಾಯಿ ಕೆಲಸದವರು, ಹಸಿ ಕಸ ಒಣ ಕಸಗಳನ್ನು ಬೇರೆ ಬೇರೆಯಾಗಿ ಒಯ್ಯುವ ವ್ಯವಸ್ಥೆ, ಇವು ಒಂಟಿ ಮನೆಯ ಬಾಡಿಗೆದಾರರು ಪ್ರತಿಯೊಂದಕ್ಕೂ ಓಡಾಡಿ ಪಡೆಯಬೇಕಾದ ಸೇವೆಗಳು.

ಇನ್ನೊಂದು ಅನುಕೂಲವನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಶಿವಮೊಗ್ಗಗಳಿಂದ ಬಂದು ನಗರದಂಚಿನಲ್ಲಿ ನೆಲೆಸಿದ ಕುಟುಂಬಗಳಿಗೆ, ಅವುಗಳ ಪಕ್ಕದ ಬಾಗಿಲಿನಲ್ಲಿರುವ ಹೊರರಾಜ್ಯದ ಕುಟುಂಬಗಳಿಗೆ, ನೆರೆಹೊರೆಯೆಂಬುದು ಮೊದಲಿನಿಂದ ಕಟ್ಟಿಕೊಳ್ಳಬೇಕಾದ ಸಂಬಂಧ. ಸಂಕೀರ್ಣದ ಸಭಾಂಗಣದಲ್ಲಿ ನಡೆಯುವ ಗಣೇಶೋತ್ಸವ, ಯುಗಾದಿ, ನವೆಂಬರಿನ ರಾಜ್ಯೋತ್ಸವಗಳು ಆ ಸಂಬಂಧಕ್ಕೆ ಒಂದು ನೆಲೆ ಒದಗಿಸಿವೆ. ಅನೇಕ ಸಂಕೀರ್ಣಗಳಲ್ಲಿ ಕನ್ನಡ ಬಳಗಗಳು ಹುಟ್ಟಿ, ಮಕ್ಕಳಿಗೂ ಹೊರಗಿನಿಂದ ಬಂದವರಿಗೂ ಕನ್ನಡ ಕಲಿಸುವ ತರಗತಿಗಳನ್ನು ನಡೆಸುತ್ತಿವೆ. ವಠಾರದ ಅಂಗಳ ಮಾಡುತ್ತಿದ್ದ ಕೆಲಸವನ್ನು ಇವು ಬೇರೊಂದು ರೀತಿಯಲ್ಲಿ ಮುಂದುವರಿಸಿವೆ ಎಂದರೆ ತಪ್ಪಾಗದು, ಮತ್ತು ಈ ಕೆಲಸದಲ್ಲಿ ಬಾಡಿಗೆದಾರರ ಪಾಲು ಮಾಲೀಕರ ಪಾಲಿಗಿಂತ ಕಡಿಮೆಯೇನಲ್ಲ.

ಈ ಅನುಕೂಲಗಳಿಗೆ ತೆರುವ ಬೆಲೆ ಮಾತ್ರ ಟು-ಲೆಟ್ ಫಲಕದ ಮೇಲೆ ಕಾಣುವ ಬಾಡಿಗೆಯಷ್ಟೇ ಅಲ್ಲ. ಬೆಂಗಳೂರಿನಲ್ಲಿ ಅಡ್ವಾನ್ಸ್ ಎಂದು ಕರೆಯಲಾಗುವ ಭದ್ರತಾ ಠೇವಣಿ ಬಹುಕಾಲ ಹತ್ತು ತಿಂಗಳ ಬಾಡಿಗೆಯಷ್ಟು ಇರುವುದೇ ರೂಢಿಯಾಗಿತ್ತು. ಈಗ ಕೆಲವು ಕಡೆ ಐದಾರು ತಿಂಗಳಿಗೆ ಇಳಿದಿದ್ದರೂ, ಎರಡು ಮೂರು ತಿಂಗಳ ಬಾಡಿಗೆಯನ್ನಷ್ಟೇ ಪಡೆಯುವ ಬೇರೆ ನಗರಗಳಿಗೆ ಹೋಲಿಸಿದರೆ ಇದು ಭಾರವೇ. ₹24,000 ಬಾಡಿಗೆಯ ಮನೆಗೆ ಹತ್ತು ತಿಂಗಳ ಲೆಕ್ಕದಲ್ಲಿ ₹2,40,000 ಕೊಟ್ಟವರು, ಅದೇ ಹಣವನ್ನು ಬ್ಯಾಂಕಿನಲ್ಲಿಟ್ಟು ಶೇಕಡಾ 7ರ ಬಡ್ಡಿ ಪಡೆದಿದ್ದರೆ ವರ್ಷಕ್ಕೆ ₹16,800 ಬರುತ್ತಿತ್ತು. ಅಂದರೆ ತಿಂಗಳಿಗೆ ₹1,400 ಕಣ್ಣಿಗೆ ಕಾಣದ ಬಾಡಿಗೆಯಾಗಿ ಮಾಲೀಕರಿಗೆ ಸಲ್ಲುತ್ತದೆ. ಇದರೊಡನೆ ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಖರ್ಚು, ಕೆಲವು ಸಂಘಗಳು ಮನೆ ಸೇರುವಾಗ ಮತ್ತು ಬಿಡುವಾಗ ಲಿಫ್ಟಿನ ಬಳಕೆಗೆಂದು ವಿಧಿಸುವ ಶುಲ್ಕ, ಇವೆಲ್ಲ ಸೇರಿದರೆ ಹೊಸದಾಗಿ ಉದ್ಯೋಗಕ್ಕೆ ಸೇರಿದ ಯುವಕ ಯುವತಿಯರ ಮೊದಲ ವರ್ಷದ ಉಳಿತಾಯ ಮನೆ ಹಿಡಿಯುವುದಕ್ಕೇ ಮುಗಿದು ಹೋಗುತ್ತದೆ.

ನಿರ್ವಹಣಾ ಶುಲ್ಕ, ಜನಬಳಕೆಯಲ್ಲಿ ಮೆಂಟೆನೆನ್ಸ್, ಎಂಬುದು ಕಾವಲು, ಲಿಫ್ಟು, ಹಾದಿದೀಪ, ನೀರು, ಕಸ, ತೋಟ ಮೊದಲಾದ ಸಾಮೂಹಿಕ ಖರ್ಚಿಗಾಗಿ ಸಂಘವು ಪ್ರತಿ ಮನೆಯಿಂದ ಪಡೆಯುವ ಹಣ. ಇದನ್ನು ಸಾಮಾನ್ಯವಾಗಿ ಚದರಡಿಯ ಮೇಲೆ ಲೆಕ್ಕ ಹಾಕುತ್ತಾರೆ, ಮತ್ತು ಆ ಚದರಡಿ ಯಾವುದು ಎಂಬಲ್ಲಿ ಒಂದು ಸೂಕ್ಷ್ಮವಿದೆ. ಗೋಡೆಗಳ ಒಳಗೆ ನಿಜವಾಗಿ ಬಳಕೆಗೆ ಸಿಗುವ ನೆಲವನ್ನು ಕಾರ್ಪೆಟ್ ಏರಿಯಾ ಎನ್ನುತ್ತಾರೆ. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ಒಳಗೋಡೆಗಳನ್ನು ಸೇರಿಸಿ, ಹೊರಗೋಡೆ ಮತ್ತು ಬಾಲ್ಕನಿಗಳನ್ನು ಬಿಟ್ಟು ಇದನ್ನು ವ್ಯಾಖ್ಯಾನಿಸಿದೆ. ಇದಕ್ಕೆ ಹೊರಗೋಡೆ, ಬಾಲ್ಕನಿಗಳನ್ನೂ, ಮೆಟ್ಟಿಲು, ಲಿಫ್ಟು, ಮೊಗಸಾಲೆ, ಸಭಾಂಗಣ ಮೊದಲಾದವುಗಳಲ್ಲಿ ಆ ಮನೆಯ ಪಾಲನ್ನೂ ಕೂಡಿಸಿದಾಗ ಬರುವುದು ಸೂಪರ್ ಬಿಲ್ಟ್-ಅಪ್ ಏರಿಯಾ. ಜಾಹೀರಾತಿನಲ್ಲಿ 1,200 ಚದರಡಿಯೆಂದು ಕಾಣುವ ಮನೆಯೊಳಗೆ ಓಡಾಡಲು ಸಿಗುವುದು 850 ಚದರಡಿಯ ಆಸುಪಾಸು ಇರಬಹುದು. ಆದರೆ ಶುಲ್ಕ ಬಹಳ ಕಡೆ 1,200ರ ಮೇಲೆಯೇ ಬೀಳುತ್ತದೆ. ಚದರಡಿಗೆ ₹4ರಂತೆ ಅದು ತಿಂಗಳಿಗೆ ₹4,800. ಈಜುಕೊಳ, ವ್ಯಾಯಾಮಶಾಲೆ, ಕ್ಲಬ್‌ಹೌಸ್ ಇರುವ ಸಂಕೀರ್ಣಗಳಲ್ಲಿ ಶುಲ್ಕ ಇನ್ನೂ ಹೆಚ್ಚು, ಮತ್ತು ಅದು ಪ್ರತಿ ಮನೆಗೆ ₹7,500 ಮೀರಿ ಸಂಘದ ವಾರ್ಷಿಕ ವಹಿವಾಟು ₹20 ಲಕ್ಷ ದಾಟಿದರೆ ಶೇಕಡಾ 18ರ ಜಿಎಸ್‌ಟಿಯೂ ಸೇರಿಕೊಳ್ಳುತ್ತದೆ. ಈಜುಕೊಳಕ್ಕೆ ಒಮ್ಮೆಯೂ ಇಳಿಯದ ಕುಟುಂಬ ಅದರ ನೀರಿಗೂ ಔಷಧಿಗೂ ಹಣ ತೆರುತ್ತದೆ. ಆದ್ದರಿಂದ ಕಡಿಮೆ ಸೌಕರ್ಯದ, ಐವತ್ತು ಅರವತ್ತು ಮನೆಗಳ ಸರಳ ಸಂಕೀರ್ಣವು ಅನೇಕ ಮಧ್ಯಮ ವರ್ಗದ ಕುಟುಂಬಗಳಿಗೆ ಹೆಚ್ಚು ಹೊಂದುತ್ತದೆ.

ಹಣಕ್ಕಿಂತ ದೊಡ್ಡ ಪ್ರಶ್ನೆ ನೀರಿನದು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಎತ್ತರಕ್ಕೆ ಪಂಪಾಗಿ ಬರುತ್ತದೆ. ಹಳೆಯ ನಗರಕ್ಕೆ ಅದು ದೊರೆತ ದಶಕಗಳಲ್ಲಿ ಹೊರವಲಯದ 110 ಹಳ್ಳಿಗಳು ಕೊಳವೆಬಾವಿಗಳನ್ನೇ ನಂಬಿದ್ದವು. ಆ ಹಳ್ಳಿಗಳಿಗೆಂದು ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೆಯ ಹಂತ ಲೋಕಾರ್ಪಣೆಯಾದದ್ದು 2024ರ ಅಕ್ಟೋಬರ್ 16ರಂದು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2024ರ ಬೇಸಿಗೆಯಲ್ಲಿ, ನಗರದಂಚಿನ ಕೊಳವೆಬಾವಿಗಳು ಬತ್ತಿ ಸಂಕೀರ್ಣಗಳು ಹಗಲಿರುಳು ಟ್ಯಾಂಕರುಗಳಿಗೆ ಕಾದಿದ್ದನ್ನು, ಕುಡಿಯುವ ನೀರಿನಿಂದ ಕಾರು ತೊಳೆದರೆ ₹5,000 ದಂಡವೆಂದು ಜಲಮಂಡಳಿ ಆದೇಶಿಸಿದ್ದನ್ನು ಕೇಳುಗರು ಮರೆತಿರಲಾರರು. ಐದನೆಯ ಹಂತದ ಕೊಳವೆ ರಸ್ತೆಯಲ್ಲಿ ಹಾದುಹೋದ ಮಾತ್ರಕ್ಕೆ ಸಂಕೀರ್ಣದ ಸಂಪಿಗೆ ನೀರು ಬರುವುದಿಲ್ಲ. ಸಂಘವು ಶುಲ್ಕ ತೆತ್ತು ಸಂಪರ್ಕ ಪಡೆದಿರಬೇಕು. ಈ ನಿರ್ಧಾರ ಸಂಘದ ಸಭೆಯಲ್ಲಿ ಆಗುತ್ತದೆ, ಬೇರೆ ಊರಿನಲ್ಲಿರುವ ಮಾಲೀಕರಿಗೆ ಅದರ ತುರ್ತು ತಟ್ಟುವುದಿಲ್ಲ, ತಟ್ಟುವ ಬಾಡಿಗೆದಾರರಿಗೆ ಆ ಸಭೆಯಲ್ಲಿ ಮತವಿಲ್ಲ. ಟ್ಯಾಂಕರ್ ನೀರಿನ ಖರ್ಚಾದರೋ ಬಳಸುವವರೇ ಕೊಡಬೇಕಾದುದೆಂದು ಬಾಡಿಗೆದಾರರ ಲೆಕ್ಕಕ್ಕೇ ಬರುತ್ತದೆ.

ನೀರು ಇಲ್ಲದ ಕಷ್ಟದಂತೆಯೇ ನೀರು ನುಗ್ಗುವ ಕಷ್ಟವೂ ಇದೆ. ಒಂದು ಕೆರೆ ತುಂಬಿ ಕೋಡಿ ಬಿದ್ದಾಗ ಮುಂದಿನ ಕೆರೆಗೆ ನೀರು ಒಯ್ಯುವ ರಾಜಕಾಲುವೆಗಳು ಬೆಂಗಳೂರಿನ ಹಳೆಯ ಜಲವ್ಯವಸ್ಥೆಯ ನರಗಳು; ಬೆಳ್ಳಂದೂರು, ವರ್ತೂರು ಕೆರೆಗಳ ಸುತ್ತಲಿನ ತಗ್ಗಿನಲ್ಲಿ ಅವು ಒತ್ತುವರಿಯಾಗಿ ಕಿರಿದಾದ ಫಲವನ್ನು 2022ರ ಸೆಪ್ಟೆಂಬರ್ ಆರಂಭದ ಮಳೆ ತೋರಿಸಿಕೊಟ್ಟಿತು. ಆಗ ಹೊರವರ್ತುಲ ರಸ್ತೆ ಮತ್ತು ಸರ್ಜಾಪುರ ರಸ್ತೆಯ ಸಿರಿವಂತ ಬಡಾವಣೆಗಳ ನಿವಾಸಿಗಳನ್ನೂ ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಬಾಡಿಗೆದಾರರಿಗೆ ಮನೆಯ ಬೆಲೆ ಕುಸಿಯುವ ಚಿಂತೆಯಿಲ್ಲ, ಅಂಥ ಜಾಗವನ್ನು ಬಿಟ್ಟು ಹೋಗುವ ಸ್ವಾತಂತ್ರ್ಯವೂ ಇದೆ. ಇದು ಅವರಿಗಿರುವ ನಿಜವಾದ ಬಲ. ಆದರೆ ನೆಲಮಾಳಿಗೆಯಲ್ಲಿ ನಿಲ್ಲಿಸಿದ ಅವರ ವಾಹನಕ್ಕೆ ಆ ಸ್ವಾತಂತ್ರ್ಯ ರಕ್ಷಣೆ ಕೊಡದು. ಮನೆ ನೋಡಲು ಬೇಸಿಗೆಯ ಮಧ್ಯಾಹ್ನಕ್ಕಿಂತ ಮಳೆಯ ಮರುದಿನ ಹೋಗುವುದು ಲೇಸು.

ಓಡಾಟದ ವಿಷಯದಲ್ಲಿ ಕಳೆದ ಕೆಲವು ವರ್ಷಗಳು ನಗರದಂಚಿನ ಪರವಾಗಿವೆ. ನಮ್ಮ ಮೆಟ್ರೋದ ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣವಾಗಿ ಓಡುತ್ತಿದೆ. ಹಸಿರು ಮಾರ್ಗ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯಿಂದ ಮಾದಾವರದವರೆಗೆ ಚಾಚಿದೆ. ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ನಿಲ್ದಾಣದಿಂದ ನಡೆದು ಹೋಗಬಹುದಾದ ದೂರದಲ್ಲಿರುವ ಸಂಕೀರ್ಣದ ಬಾಡಿಗೆ ತುಸು ಹೆಚ್ಚಾದರೂ ದಿನಕ್ಕೆ ಉಳಿಯುವ ಒಂದೆರಡು ಗಂಟೆಗಳು ಅದನ್ನು ತೀರಿಸುತ್ತವೆ. ಮುಖ್ಯರಸ್ತೆಯಿಂದ ಮೂರು ನಾಲ್ಕು ಕಿಲೋಮೀಟರ್ ಒಳಗಿರುವ, ಬಸ್ಸಿಲ್ಲದ, ಪಾದಚಾರಿ ಮಾರ್ಗವಿಲ್ಲದ ಸಂಕೀರ್ಣಗಳಲ್ಲಿ ಮಾತ್ರ ಹಾಲು ತರಲೂ ವಾಹನ ಬೇಕು, ಮನೆಗೆಲಸಕ್ಕೆ ಬರುವವರಿಗೂ ಆ ದೂರ ಹೊರೆ. ಬಾಡಿಗೆಯಲ್ಲಿ ಉಳಿದ ಹಣ ಪೆಟ್ರೋಲಿಗೆ ಹೋಗುತ್ತದೆ.

ಇನ್ನು ಎರಡನೆಯ ಒಡೆತನದ, ಅಂದರೆ ಸಂಘದ, ವಿಚಾರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಪ್ರಕಾರ ಸಂಕೀರ್ಣದ ಸಾಮಾನ್ಯ ಜಾಗಗಳು ಎಲ್ಲ ಮಾಲೀಕರಿಗೂ ಅವಿಭಜಿತ ಪಾಲಿನಲ್ಲಿ ಸೇರಿದ್ದು, ಅವುಗಳನ್ನು ನಿರ್ವಹಿಸಲು ಮಾಲೀಕರ ಸಂಘ ರಚನೆಯಾಗಿ, ತನ್ನ ಉಪವಿಧಿಗಳಂತೆ, ಅಂದರೆ ಸಂಘದ ಒಳ ನಿಯಮಗಳಂತೆ, ನಡೆಯುತ್ತದೆ. ಬಾಡಿಗೆದಾರರು ಈ ಉಪವಿಧಿಗಳಿಗೆ ಬದ್ಧರು, ಆದರೆ ಸಂಘದ ಸದಸ್ಯರಲ್ಲ. ಇದರಲ್ಲಿ ಒಂದು ನ್ಯಾಯವಿದೆ: ಕಟ್ಟಡದ ದೀರ್ಘಕಾಲದ ಹೊಣೆ ಮಾಲೀಕರದು, ಲಿಫ್ಟು ಬದಲಿಸುವ, ಗೋಡೆಗೆ ಬಣ್ಣ ಬಳಿಯುವ ದೊಡ್ಡ ಖರ್ಚಿಗಾಗಿ ಕೂಡಿಡುವ ಮೂಲನಿಧಿಗೆ ಹಣ ಹಾಕುವವರೂ ಅವರೇ. ಆದರೆ ದಿನನಿತ್ಯದ ಬದುಕನ್ನು ಆಳುವ ನಿಯಮಗಳ ವಿಚಾರದಲ್ಲಿ ಈ ನ್ಯಾಯ ಸಾಲದು. ಅವಿವಾಹಿತರಿಗೆ ಮನೆ ಕೊಡಕೂಡದು, ಬಾಡಿಗೆದಾರರ ಮಕ್ಕಳು ಈಜುಕೊಳ ಬಳಸಕೂಡದು, ರಾತ್ರಿ ಹತ್ತರ ಮೇಲೆ ಅತಿಥಿಗಳು ಬರಕೂಡದು, ಮಾಂಸಾಹಾರಿಗಳು ಬೇಡ ಎಂಬಂಥ ನಿರ್ಬಂಧಗಳನ್ನು ಕೆಲವು ಸಂಘಗಳೂ ಮಾಲೀಕರೂ ಹೇರುತ್ತಾರೆ. ಜಾತಿ, ಧರ್ಮ ಕೇಳಿ ಮನೆ ನಿರಾಕರಿಸುವ ಹಳೆಯ ಕೆಡುಕು ವಠಾರದಿಂದ ಹೊರಟು ಲಿಫ್ಟು ಹತ್ತಿ ಹದಿನೈದನೆಯ ಮಹಡಿಗೂ ತಲುಪಿದೆ ಎಂಬುದನ್ನು ಮುಚ್ಚಿಡಬಾರದು. ಸಾಕುನಾಯಿಗಳ ಮೇಲೆ ಸಂಪೂರ್ಣ ನಿಷೇಧ ಹೇರಬಾರದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಮನುಷ್ಯರ ಪರವಾಗಿ ಅಷ್ಟು ಸ್ಪಷ್ಟವಾದ ಮಾರ್ಗಸೂಚಿಯೊಂದು ಇಂದಿನ ತುರ್ತು.

ಕಾನೂನು ಬಾಡಿಗೆದಾರರನ್ನು ಎಷ್ಟರಮಟ್ಟಿಗೆ ಕಾಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಅನೇಕರ ನಂಬಿಕೆಗೆ ವಿರುದ್ಧವಾಗಿದೆ. ಹಳೆಯ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು, ದೊಡ್ಡ ನಗರಗಳಲ್ಲಿ ತಿಂಗಳಿಗೆ ₹3,500ಕ್ಕಿಂತ ಹೆಚ್ಚು ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ನಗರದಂಚಿನ ಯಾವ ಅಪಾರ್ಟ್‌ಮೆಂಟೂ ಈ ಮಿತಿಯೊಳಗೆ ಬಾರದಿರುವುದರಿಂದ, ಅಲ್ಲಿನ ಬಾಡಿಗೆದಾರರಿಗೆ ಉಳಿಯುವ ಆಸರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಅವರು ತಾವೇ ಸಹಿ ಹಾಕಿದ ಕರಾರು ಪತ್ರ. 1882ರ ಆ ಕಾಯ್ದೆಯ 106ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದಿದ್ದಾಗ ತಿಂಗಳ ಬಾಡಿಗೆಯ ವಾಸವನ್ನು 15 ದಿನಗಳ ನೋಟೀಸಿನಿಂದ ಕೊನೆಗಾಣಿಸಬಹುದು. 108ನೆಯ ಪ್ರಕರಣವು ಬಾಡಿಗೆದಾರರು ಸಹಜ ಸವಕಳಿಯನ್ನು ಬಿಟ್ಟು ಉಳಿದಂತೆ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕೆಂದು ಹೇಳುತ್ತದೆ, ಮತ್ತು ಮಾಲೀಕರು ತಾವು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ ಅದರ ಖರ್ಚನ್ನು ಬಾಡಿಗೆಯಿಂದ ಕಳೆಯಬಹುದೆಂದೂ ಹೇಳುತ್ತದೆ. ಮನೆ ಬಿಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಿಂದ ಮುರಿದುಕೊಳ್ಳುವ ಬೆಂಗಳೂರಿನ ರೂಢಿಗೆ ಈ ಕಾಯ್ದೆಯಲ್ಲಿ ಬೆಂಬಲವಿಲ್ಲ. ಬೆಂಬಲವಿರುವುದು ಕರಾರು ಪತ್ರದಲ್ಲಿ ಬರೆದು ಸಹಿ ಮಾಡಿಸಿಕೊಂಡ ಸಾಲಿನಲ್ಲಿ. ಆದ್ದರಿಂದ ಆ ಸಾಲನ್ನು ಸಹಿಗೆ ಮುನ್ನ ಓದುವುದು, ಒಪ್ಪಿಗೆಯಾಗದಿದ್ದರೆ ತಿದ್ದಿಸುವುದು, ಬಾಡಿಗೆದಾರರ ಕೈಯಲ್ಲಿರುವ ಮುಖ್ಯ ಸಾಧನ.

ಕರಾರು ಪತ್ರ 11 ತಿಂಗಳಿಗೇ ಆಗುವುದೇಕೆ ಎಂಬುದಕ್ಕೂ ಕಾನೂನಿನಲ್ಲೇ ಕಾರಣವಿದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು ಮತ್ತು ಓಡಾಟವನ್ನು ತಪ್ಪಿಸಲು ಇಬ್ಬರೂ 11 ತಿಂಗಳಿಗೆ ಒಪ್ಪುತ್ತಾರೆ. ಇದರಿಂದ ಮಾಲೀಕರಿಗೆ ವರ್ಷವರ್ಷವೂ ಬಾಡಿಗೆ ಏರಿಸುವ ಅವಕಾಶ ದೊರೆಯುತ್ತದೆ, ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಿದ ಬಾಡಿಗೆದಾರರಿಗೆ ಮುಂದಿನ ವರ್ಷದ ನೆಲೆಯ ಖಾತರಿ ಇಲ್ಲವಾಗುತ್ತದೆ. ಶೇಕಡಾ ಎಷ್ಟು ಏರಿಕೆ, ಎಷ್ಟು ನವೀಕರಣ ಎಂಬುದನ್ನು ಮೊದಲ ಪತ್ರದಲ್ಲೇ ಬರೆಸಿಕೊಳ್ಳುವುದು ಇದಕ್ಕಿರುವ ಅರ್ಧ ಪರಿಹಾರ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಠೇವಣಿಯನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ, ಮಾಲೀಕರು ಮನೆಯೊಳಗೆ ಬರಲು 24 ಗಂಟೆ ಮೊದಲು ತಿಳಿಸಬೇಕೆನ್ನುತ್ತದೆ, ಜಗಳವಿದ್ದಾಗ ನೀರು, ವಿದ್ಯುತ್ತುಗಳನ್ನು ಕಡಿಯುವುದನ್ನು ನಿಷೇಧಿಸುತ್ತದೆ. ಅವಧಿ ಮುಗಿದರೂ ಮನೆ ಬಿಡದವರಿಗೆ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕುಪಟ್ಟು ಬಾಡಿಗೆ ವಿಧಿಸಿ ಮಾಲೀಕರ ಹಿತವನ್ನೂ ಕಾಯುತ್ತದೆ. ಹೆಸರೇ ಹೇಳುವಂತೆ ಅದು ಮಾದರಿ ಮಾತ್ರ; ರಾಜ್ಯಗಳು ತಮ್ಮ ಶಾಸನವಾಗಿ ಅಳವಡಿಸಿಕೊಂಡಾಗಲೇ ಅದಕ್ಕೆ ಬಲ.

ಭೋಗ್ಯದ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ತಿಂಗಳ ಬಾಡಿಗೆಯಿಲ್ಲದೆ, ಹಲವು ಲಕ್ಷಗಳ ಇಡುಗಂಟನ್ನು ಮಾಲೀಕರಿಗೆ ಕೊಟ್ಟು ಎರಡು ಮೂರು ವರ್ಷ ವಾಸವಿದ್ದು, ಬಿಡುವಾಗ ಪೂರ್ತಿ ಹಣವನ್ನು ಹಿಂಪಡೆಯುವ ಪದ್ಧತಿಗೆ ಭೋಗ್ಯವೆಂದೂ ಲೀಸೆಂದೂ ಹೆಸರು. ಊರಿನ ಜಮೀನು ಮಾರಿದ ಹಣವೋ ನಿವೃತ್ತಿಯ ಹಣವೋ ಕೈಯಲ್ಲಿರುವ ಕುಟುಂಬಗಳಿಗೆ ಇದು ಆಕರ್ಷಕ. ಆದರೆ ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಮಾಲೀಕರು ಕಂತು ನಿಲ್ಲಿಸಿದರೆ ಭೋಗ್ಯದಾರರ ಇಡುಗಂಟು ಅಪಾಯಕ್ಕೆ ಸಿಲುಕುತ್ತದೆ. ಇನ್ನೂ ಕೆಟ್ಟ ವಂಚನೆಯ ರೀತಿಯೊಂದು ನಗರದಲ್ಲಿ ಮರುಕಳಿಸಿದೆ: ಮಧ್ಯವರ್ತಿಗಳು ಮಾಲೀಕರಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆದು, ಅದನ್ನೇ ಬೇರೆಯವರಿಗೆ ಭೋಗ್ಯಕ್ಕೆ ಕೊಟ್ಟು, ಕೆಲವು ತಿಂಗಳ ಬಳಿಕ ಬಾಡಿಗೆ ನಿಲ್ಲಿಸಿ ಕಣ್ಮರೆಯಾಗುತ್ತಾರೆ, ಮಾಲೀಕರೂ ಮನೆಯಲ್ಲಿರುವವರೂ ಪರಸ್ಪರರನ್ನು ವಂಚಕರೆಂದು ತಿಳಿದು ನ್ಯಾಯಾಲಯ ಹತ್ತುತ್ತಾರೆ. ಮಾಲೀಕರನ್ನು ನೇರವಾಗಿ ಕಾಣದೆ, ಋಣಭಾರ ಪ್ರಮಾಣಪತ್ರವನ್ನು ನೋಡದೆ, ಪತ್ರವನ್ನು ನೋಂದಾಯಿಸದೆ ಭೋಗ್ಯದ ಹಣ ಕೊಡಬಾರದು.

ಮನೆ ಹಿಡಿಯುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ಕಾವೇರಿ ಸಂಪರ್ಕವಿದೆಯೇ, ಕಳೆದ ಬೇಸಿಗೆಯಲ್ಲಿ ಟ್ಯಾಂಕರಿಗೆ ಪ್ರತಿ ಮನೆಯಿಂದ ಎಷ್ಟು ಹೋಯಿತು, ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ ದೊರೆತಿದೆಯೇ ಎಂಬಿವು ಅವುಗಳಲ್ಲಿ ಮುಖ್ಯವಾದವು. ಸ್ವಾಧೀನಾನುಭವ ಪತ್ರವೆಂದರೆ ಕಟ್ಟಡ ಮಂಜೂರಾದ ನಕ್ಷೆಯಂತೆ ಕಟ್ಟಲ್ಪಟ್ಟು ವಾಸಕ್ಕೆ ಯೋಗ್ಯವಾಗಿದೆ ಎಂದು ಸ್ಥಳೀಯ ಆಡಳಿತ ಕೊಡುವ ದೃಢೀಕರಣ. ಅದಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ನಿರ್ದೇಶಿಸಿದ ಮೇಲೆ ಇದು ಬಾಡಿಗೆದಾರರ ಪ್ರಶ್ನೆಯೂ ಆಗಿದೆ. ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಸಲ್ಲುವುದರಿಂದ, ಹಿಂದಿದ್ದವರ ಆಧಾರ್ ಜೋಡಣೆಯನ್ನು ಆ ಮೀಟರಿನಿಂದ ತೆಗೆಸಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಮನೆ ಸೇರುವ ದಿನ ಗೋಡೆ, ನಲ್ಲಿ, ಫ್ಯಾನು, ಬಾಗಿಲುಗಳ ಚಿತ್ರಗಳನ್ನು ತೆಗೆದು ಮಾಲೀಕರಿಗೆ ಕಳುಹಿಸಿಟ್ಟರೆ ಮನೆ ಬಿಡುವ ದಿನದ ವಾದ ಅರ್ಧ ಕಡಿಮೆಯಾಗುತ್ತದೆ.

ಈ ಎಲ್ಲ ಎಚ್ಚರಗಳನ್ನು ಬಾಡಿಗೆದಾರರು ವಹಿಸಿದರೂ ಒಂದು ಕೊರತೆಯನ್ನು ಅವರು ತಾವಾಗಿ ತುಂಬಿಕೊಳ್ಳಲಾರರು. ಅದನ್ನು ತುಂಬಬೇಕಾದವರು ಮಾಲೀಕರ ಸಂಘಗಳು. ನೀರು, ಕಸ, ಕಾವಲು, ಮಕ್ಕಳ ಆಟದ ಜಾಗ, ಇವುಗಳ ಮೇಲಿನ ನಿರ್ಧಾರಗಳಲ್ಲಿ ಅಲ್ಲೇ ವಾಸಿಸುವವರ ಮಾತನ್ನು ಕೇಳಲು ಯಾವ ಕಾಯ್ದೆಯೂ ಅಡ್ಡಿಯಾಗಿಲ್ಲ. ಒಡೆತನದ, ಮೂಲನಿಧಿಯ ವಿಷಯಗಳಲ್ಲಿ ಮತವನ್ನು ಮಾಲೀಕರೇ ಉಳಿಸಿಕೊಳ್ಳಲಿ. ನಿತ್ಯದ ಬದುಕಿನ ವಿಷಯಗಳಿಗಾಗಿ ಬಾಡಿಗೆದಾರರಿಂದ ಇಬ್ಬರು ಪ್ರತಿನಿಧಿಗಳು ಕಾರ್ಯಕಾರಿ ಸಮಿತಿಯ ಸಭೆಗೆ ಬಂದು ಕುಳಿತು ಮಾತನಾಡುವಂತಾಗಲಿ, ತಿಂಗಳ ಶುಲ್ಕದ ಜಮಾಖರ್ಚಿನ ಪಟ್ಟಿ ಅದನ್ನು ತೆರುವ ಬಾಡಿಗೆದಾರರ ಕೈಗೂ ಸೇರಲಿ. ಸಂಘಗಳ ಪದಾಧಿಕಾರಿಗಳಾಗಿರುವ ಕೇಳುಗರು ಈ ಎರಡು ಅಂಶಗಳನ್ನು ಮುಂದಿನ ವಾರ್ಷಿಕ ಸರ್ವಸದಸ್ಯರ ಸಭೆಯ ಕಾರ್ಯಸೂಚಿಗೆ ದಯವಿಟ್ಟು ಸೇರಿಸಬೇಕು.